ಫಿರಂಗಿ ದ್ವೀಪದಿಂದ ತರಲಾಗದ ಮಣ್ಣು

ಕಡೂರು

ಕಡೂರಿನಲ್ಲಿ ಮೂವತ್ತು ವರ್ಷದಿಂದ ಪೈಪು, ಮೋಟರು ಮಾರಿಕೊಂಡಿರುವ ನನ್ನಂಥವನನ್ನೂ ವಿಮಾನ ಹತ್ತಿಸಿಯೇ ತೀರಬೇಕೆಂಬುದು ಪಂಪ್‌ಸೆಟ್ ಕಂಪನಿಗಳ ಒಂದು ಚಟ. ಮಾಲು ಚೆನ್ನಾಗಿ ಖಾಲಿ ಮಾಡಿದ ಅಂಗಡಿಯವರನ್ನೆಲ್ಲ ಗುಡ್ಡೆ ಹಾಕಿ, ಒಂದೇ ಬಣ್ಣದ ಟೋಪಿ ತೊಡಿಸಿ, ಎಲ್ಲಿಗಾದರೂ ಹೊಡೆದುಕೊಂಡು ಹೋಗುತ್ತಾರೆ. ಎರಡು ಸಲ ಬ್ಯಾಂಕಾಕಿಗೆ ಕರೆದಾಗ ಸೊಂಟನೋವಿನ ನೆಪ ಹೇಳಿ ತಪ್ಪಿಸಿಕೊಂಡಿದ್ದೆ. ನನಗೆ ಪ್ರಯಾಣ ಅಂದರೆ ಆಗದು. ಬೀರೂರು ದಾಟಿ ಎರಡು ಊಟ ಹೊರಗೆ ಮಾಡಿದರೆ ಹೊಟ್ಟೆ ಕೆಡುತ್ತದೆ. ಈ ಸಲ ಸಿಂಗಪುರ ಅಂದರು. ಅದಕ್ಕೂ ಸೊಂಟವನ್ನೇ ಮುಂದೆ ಮಾಡುವವನಿದ್ದೆ. ಆದರೆ ಹಾಳು ಬಾಯಿ, ಸಿಂಗಟಗೆರೆಗೆ ಹೋದಾಗ ಅವ್ವನ ಮುಂದೆ ಆ ಹೆಸರು ಆಡಿಬಿಟ್ಟೆ.

ಅವ್ವನಿಗೆ ಎಂಬತ್ತು ದಾಟಿ ಕೆಲವು ವರ್ಷವಾಯಿತು. ನನ್ನ ತಮ್ಮ ಬಸವರಾಜನ ಜೊತೆ ಊರಿನಲ್ಲಿದ್ದಾಳೆ. ಕಾಯಿ ಸುಲಿಯಲು ಬರುವವರ ಮೇಲೆ ಈಗಲೂ ಬೀದಿಗೆ ಕೇಳುವ ಹಾಗೆ ರೇಗುತ್ತಾಳೆ. ಅವತ್ತು ಸಿಂಗಪುರ ಅಂದದ್ದೇ ತಡ, ಬಾಯಿಗೆ ಇಡಲು ಹೊರಟಿದ್ದ ವೀಳ್ಯದೆಲೆಯನ್ನು ತಟ್ಟೆಗೆ ಹಾಕಿ ನನ್ನ ಕಡೆ ತಿರುಗಿ ಕೂತಳು.

"ನಮ್ಮಪ್ಪ ಹೋಗಿದ್ದು ಅಲ್ಲಿಗೇ ಅಲ್ವೇನೋ ಓಂಕಾರ?"

ಅಲ್ಲಿಗೇ. ಅವ್ವನ ಅಪ್ಪ, ಅಂದರೆ ನನ್ನ ತಾತ ಸಿದ್ಧಪ್ಪ, ಮೈಸೂರು ಮಹಾರಾಜರ ಸೈನ್ಯ ಸೇರಿ ಎರಡನೇ ಮಹಾಯುದ್ಧಕ್ಕೆ ಹೋದವನು. ಅದಕ್ಕೂ ಮೊದಲು ಎಮ್ಮೆದೊಡ್ಡಿ ಕಾವಲಿನಲ್ಲಿ ಅಮೃತಮಹಲ್ ದನ ಕಾಯುತ್ತಿದ್ದ. ಒಂದು ದಿನ ಸಂತೆಗೆಂದು ಹೋದ ಮನುಷ್ಯ ಸೈನ್ಯಕ್ಕೆ ಹೆಸರು ಕೊಟ್ಟು ಬಂದನಂತೆ. ಆಗ ಅವ್ವ ಆರು ತಿಂಗಳ ಕೂಸು. ಸಿಂಗಪುರ ಬಿತ್ತು, ಯುದ್ಧ ಮುಗಿಯಿತು, ಸ್ವಾತಂತ್ರ್ಯವೂ ಬಂತು, ತಾತ ಬರಲಿಲ್ಲ. ಕೊನೆಗೆ ಅಮಲ್ದಾರರ ಕಚೇರಿಯಿಂದ ಯಾರೋ ಬಂದು, ಸಿದ್ಧಪ್ಪ ಸತ್ತಿದ್ದಾನೆ ಎಂದು ಒಂದು ಕಾಗದ ಓದಿ ಹೋದರು. ಎಲ್ಲಿ ಸತ್ತ, ಹೇಗೆ ಸತ್ತ ಎಂಬುದು ಅದರಲ್ಲಿರಲಿಲ್ಲ. ಅಜ್ಜಿ ಒಬ್ಬಳೇ ಮಗಳನ್ನು ಸಾಕಿ, ಮನೆಅಳಿಯನನ್ನು ತಂದುಕೊಂಡು, ಆ ಹೊಲ ಮನೆ ಉಳಿಸಿದಳು.

ನಮ್ಮ ಪದ್ಧತಿ ಗೊತ್ತಿಲ್ಲದವರಿಗೆ ಒಂದು ಮಾತು ಹೇಳಬೇಕು. ಲಿಂಗ ಕಟ್ಟುವ ನಾವು ಸತ್ತವರನ್ನು ಸುಡುವವರಲ್ಲ. ಗುಣಿ ತೆಗೆದು, ಹೆಣವನ್ನು ಕೂರಿಸಿ, ಬದುಕಿದ್ದಾಗ ಮೈಮೇಲೆ ಧರಿಸಿದ್ದ ಲಿಂಗವನ್ನು ಎಡ ಅಂಗೈಯಲ್ಲಿಟ್ಟು, ವಿಭೂತಿ, ಬಿಲ್ವಪತ್ರೆ ತುಂಬಿ ಮಣ್ಣು ಮುಚ್ಚುತ್ತೇವೆ. ನಮ್ಮ ಗುರುಗಳಾದ ಅಯ್ಯನವರು ಬಂದು ಆ ಮಣ್ಣಿಗೆ ಪಾದ ಮುಟ್ಟಿಸಿದ ಮೇಲೆಯೇ ಸತ್ತವರು ನೆಲೆ ಸೇರಿದರು ಎಂದು ಲೆಕ್ಕ. ಅಜ್ಜಿ ಸಾಯುವ ತನಕ ಮನೆಗೆ ಬಂದ ಓದಿದವರನ್ನೆಲ್ಲ ಕೇಳಿದ್ದು ಒಂದೇ ಪ್ರಶ್ನೆ. "ಕೂರಿಸಿ ಮಣ್ಣು ಮಾಡಿದ್ರೋ, ಹಂಗೇ ಬಿಸಾಕಿದ್ರೋ?" ಅಜ್ಜಿಯ ಸಮಾಧಿ ನಮ್ಮ ಹೊಲದ ಮೂಲೆಯಲ್ಲಿದೆ. ಅದರ ಬಲಕ್ಕೆ ಒಬ್ಬರು ಹಿಡಿಯುವಷ್ಟು ಜಾಗವನ್ನು ತಾತನಿಗೆಂದು ಬಿಟ್ಟಿದ್ದೇವೆ. ಅಲ್ಲಿ ಉಳುವುದಿಲ್ಲ, ಬಿತ್ತುವುದಿಲ್ಲ. ಒಂದು ವರ್ಷ ಬಸವರಾಜ ತಿಳಿಯದೆ ತೆಂಗಿನ ಸಸಿ ನೆಟ್ಟಿದ್ದ. ಅವ್ವ ಹೋಗಿ ತನ್ನ ಕೈಯಾರೆ ಕಿತ್ತು ಹಾಕಿದಳು.

"ಅಪ್ಪನ್ನ ಎಲ್ಲಿ ಇಟ್ಟವ್ರೋ ಅಲ್ಲಿಂದ ಒಂದು ಹಿಡಿ ಮಣ್ಣು ತಾರೋ," ಅಂದಳು ಅವ್ವ. "ನಮ್ಮವ್ವನ ಪಕ್ಕ ಹಾಕ್ಸಿ, ಅಯ್ಯನೋರ ಪಾದ ಮುಟ್ಟಿಸಿಬಿಟ್ರೆ ನಂಗೆ ಸಾಕು. ಹಂಗೇ ಕೇಳ್ಕೊಂಡ್ ಬಾ, ಲಿಂಗ ಕೈಲಿಟ್ಟಿದ್ರಾ ಅಂತ."

"ಎಂಬತ್ತು ವರ್ಷದ ಮಾತು ಕಣವ್ವ. ಯಾರನ್ನ ಕೇಳ್ಲಿ?"

"ನೀನು ಹೋಗಕೆ ಮುಂಚೇನೇ ಸೋಲ್ಬೇಡ."

ತನ್ನ ಹಳೆಯ ಸೀರೆಯ ಸೆರಗು ಹರಿದು ಒಂದು ಕೈಚೀಲ ಹೊಲಿದುಕೊಟ್ಟಳು, ಮಣ್ಣಿಗೆ. ಒಂದು ವಿಭೂತಿ ಗಟ್ಟಿ ಕೊಟ್ಟಳು, ತಾತನ ತಲೆಯ ಕಡೆ ಇಟ್ಟು ಬರಲು. ನನ್ನ ಸೊಂಟನೋವು ಅವತ್ತೇ ವಾಸಿಯಾಯಿತು.

ಸಿಂಗಪುರ, ಇಳಿದ ದಿನ

ಮೂವತ್ತೈದು ಜನರ ತಂಡದಲ್ಲಿ ನನಗೆ ಸಲುಗೆಯಿದ್ದದ್ದು ತರೀಕೆರೆಯ ರಫೀಕ್ ಜೊತೆ ಮಾತ್ರ. ಮೋಟರ್ ವೈಂಡಿಂಗ್ ಅಂಗಡಿಯವನು. ಮನೆಯಲ್ಲಿ ದಖನಿ ಉರ್ದು, ಅಂಗಡಿಯಲ್ಲಿ ಕನ್ನಡ, ಗಿರಾಕಿ ತಕರಾರು ತೆಗೆದರೆ ಎರಡೂ. ವಯಸ್ಸಿನಲ್ಲಿ ಕೊಯಮತ್ತೂರಿನಲ್ಲಿ ಕೆಲಸ ಕಲಿತಿದ್ದರಿಂದ ತಮಿಳೂ ಸಲೀಸು. ಇಂಗ್ಲಿಷಿನಲ್ಲಿ ಮಾತ್ರ ನಾವಿಬ್ಬರೂ ಸಮ: ಮೋಟರಿನ ಬಿಡಿಭಾಗಗಳ ಹೆಸರೆಲ್ಲ ಬರುತ್ತದೆ, ಅದರಾಚೆಗೆ ಬರುವುದಿಲ್ಲ.

ವಿಮಾನದಿಂದ ಇಳಿದ ಮೊದಲ ಅರ್ಧ ಗಂಟೆಯಲ್ಲೇ ನನ್ನನ್ನು ಪಕ್ಕಕ್ಕೆ ನಿಲ್ಲಿಸಿದರು. ಚೀಲದೊಳಗಿನ ವಿಭೂತಿ ಗಟ್ಟಿ ಯಂತ್ರದ ಪರದೆಯಲ್ಲಿ ಕಂಡಿತ್ತು. ಅಧಿಕಾರಿ ಹುಡುಗಿ ಬಟ್ಟೆ ಬಿಚ್ಚಿ, ಆ ಬಿಳಿ ಗಟ್ಟಿಯನ್ನು ಕೈಗವಸಿನಲ್ಲಿ ಎತ್ತಿ ನೋಡಿ, ಮುಖ ಗಂಟಿಕ್ಕಿದಳು. ಬಿಳಿ ಪುಡಿ ತಂದವರನ್ನು ಆ ದೇಶದಲ್ಲಿ ಗಲ್ಲಿಗೆ ಹಾಕುತ್ತಾರೆಂದು ವಿಮಾನದಲ್ಲೇ ಯಾರೋ ಹೇಳಿದ್ದರು. ನನಗೆ ಬೆವರು ಕಿತ್ತುಕೊಂಡಿತು.

"ಓಂಕಾರಣ್ಣ, ಚೂರು ಹಚ್ಕೊಂಡ್ ತೋರ್ಸಿ ಕಣ್ರೀ," ಅಂದ ರಫೀಕ್ ಹಿಂದಿನಿಂದ.

ಬೆರಳಿಗೆ ಎಂಜಲು ಹಚ್ಚುವುದು ಸರಿಯಲ್ಲವೆಂದು ನೀರಿನ ಬಾಟಲಿ ತೆಗೆಯಲು ಹೋದೆ, ಅದಕ್ಕೂ ಆಕೆ ಕೈ ಅಡ್ಡ ಹಿಡಿದಳು. ಕೊನೆಗೆ ಒಣ ಬೆರಳಲ್ಲೇ ಉಜ್ಜಿ ಹಣೆಗೆ ಮೂರು ಗೆರೆ ಎಳೆದುಕೊಂಡು ನಿಂತೆ. ಅಷ್ಟರಲ್ಲಿ ಹಿರಿಯ ಅಧಿಕಾರಿಯೊಬ್ಬರು ಬಂದು ನನ್ನ ಹಣೆ ನೋಡಿ, "ತಿರುನೀರು" ಎಂದು ನಕ್ಕು, ಗಟ್ಟಿಯನ್ನು ಬಟ್ಟೆಯಲ್ಲಿ ಸುತ್ತಿ ಎರಡೂ ಕೈಯಿಂದ ನನಗೆ ಕೊಟ್ಟರು. ತಮಿಳರು ವಿಭೂತಿಗೆ ಹೇಳುವ ಹೆಸರದು. ತಂಡದವರೆಲ್ಲ ಆ ನಾಲ್ಕು ದಿನವೂ ನನ್ನನ್ನು "ಮಾಲು ತಂದೋರು" ಎಂದೇ ಕರೆದರು.

ಮಧ್ಯಾಹ್ನ ಊಟದ ಜಾಗದಲ್ಲಿ ಇನ್ನೊಂದು ಫಜೀತಿ. ನೂರಾರು ಮೇಜುಗಳು, ಎಲ್ಲ ಕಡೆ ಜನ. ಒಂದು ಮೇಜು ಖಾಲಿ ಕಂಡಿತು, ಮೇಲೆ ಕಾಗದದ ಕರವಸ್ತ್ರದ ಪುಟ್ಟ ಪೊಟ್ಟಣವಿತ್ತು. ಪುಕ್ಕಟೆ ಕೊಡುತ್ತಾರೆಂದುಕೊಂಡು ಅದನ್ನು ಜೇಬಿಗಿಳಿಸಿ ಕೂತೆ. ಸ್ವಲ್ಪ ಹೊತ್ತಿಗೆ ಒಬ್ಬ ಹೆಂಗಸು ಊಟದ ತಟ್ಟೆ ಹಿಡಿದು ಬಂದು ನನ್ನ ಎದುರು ನಿಂತಳು. ಬೈಯಲಿಲ್ಲ, ಕೇಳಲಿಲ್ಲ, ಸುಮ್ಮನೆ ನಿಂತಳು. ಅಲ್ಲಿ ಪೊಟ್ಟಣ ಇಟ್ಟರೆ ಜಾಗ ಹಿಡಿದಂತೆ. ಕಡೂರು ಬಸ್ ನಿಲ್ದಾಣದಲ್ಲಿ ಕಿಟಕಿಯಿಂದ ಟವಲ್ ಎಸೆಯುತ್ತೇವಲ್ಲ, ಹಾಗೆ. ವ್ಯತ್ಯಾಸ ಏನೆಂದರೆ ನಮ್ಮಲ್ಲಿ ಟವಲ್ ಹಾಕಿದ ಮೇಲೂ ಹೊಡೆದಾಟವಿರುತ್ತದೆ, ಅಲ್ಲಿ ಕಾಗದದ ಚೂರಿಗೂ ಮರ್ಯಾದೆ. ಎದ್ದು ಪೊಟ್ಟಣ ವಾಪಸು ಕೊಟ್ಟೆ. ಆಮೇಲೆ ತಟ್ಟೆ ಹಿಡಿದು ಗೋಡೆಗೊರಗಿ ತಿನ್ನುವಾಗ ಅಜ್ಜಿಯ ಪಕ್ಕದ ಖಾಲಿ ಜಾಗ ನೆನಪಾಯಿತು.

ಫಿರಂಗಿ ದ್ವೀಪ

ಸಿಂಗಪುರವೇ ಒಂದು ದ್ವೀಪ. ಅದರ ದಕ್ಷಿಣದ ಅಂಚಿಗೆ ಇನ್ನೊಂದು ಚಿಕ್ಕ ದ್ವೀಪವಿದೆ. ಒಂದು ಕಡೆ ಜಾರುಬಂಡಿ, ತೊಟ್ಟಿಲು, ನೀರಿನಾಟ. ಇನ್ನೊಂದು ತುದಿಯ ಗುಡ್ಡದ ಮೇಲೆ ಹಳೆಯ ಕೋಟೆ, ಫಿರಂಗಿಗಳು, ಸುರಂಗಗಳು. ಯುದ್ಧ ನಡೆದ ಜಾಗವನ್ನು ಹಾಗೆಯೇ ಉಳಿಸಿ ಉದ್ಯಾನ ಮಾಡಿದ್ದಾರೆ. ನಮ್ಮ ತಂಡದವರು ಟೋಪಿ ಹಾಕಿಕೊಂಡು ಜಾರುಬಂಡಿಯ ಕಡೆ ನುಗ್ಗಿದರು. ನಾನು ಕೋಟೆಯ ಕಡೆ ಹೊರಟೆ. ರಫೀಕ್ ಕೇಳದೆಯೇ ಜೊತೆಗೆ ಬಂದ.

ಅಲ್ಲಿ ನೋಡುವವರಿಗೆ ವಿವರಿಸಲು ಸ್ವಯಂಸೇವಕರಿದ್ದಾರೆ. ನಮಗೆ ಸಿಕ್ಕಿದವರು ಸರೋಜಾ ಎಂಬ ಎಪ್ಪತ್ತರ ಹೆಂಗಸು. ಅವರ ಅಜ್ಜ ಬಂದರಿನ ಕೂಲಿಗೆಂದು ತಂಜಾವೂರಿನ ಕಡೆಯಿಂದ ಬಂದವರಂತೆ. ಬಿಳಿ ಬೂಟು, ಬಿಸಿಲಿಗೆ ಕೊಡೆ, ಏರಿನಲ್ಲಿ ನಮ್ಮಿಬ್ಬರಿಗಿಂತ ಮುಂದೆ. ಅವರು ತಮಿಳಿನಲ್ಲಿ ಹೇಳಿದ್ದನ್ನು ರಫೀಕ್ ನನಗೆ ಕನ್ನಡದಲ್ಲಿ ಹೇಳುತ್ತಿದ್ದ.

ಫಿರಂಗಿಗಳಿಗೆ ಹೊಸದಾಗಿ ಹಸಿರು ಬಣ್ಣ ಬಳಿದಿದ್ದರು. ಎಲ್ಲದರ ಮೂತಿಯೂ ಸಮುದ್ರದ ಕಡೆ. ಶತ್ರು ಹಡಗಿನಲ್ಲಿ ಬರುತ್ತಾನೆಂದು ಕಾದು ಕೂತರೆ ಅವನು ಉತ್ತರದಿಂದ, ನೆಲದ ದಾರಿಯಲ್ಲಿ ಬಂದ.

"ತಿರುಗ್ಸೋಕೆ ಆಗ್ತಿರ್ಲಿಲ್ವಂತಾ?" ಎಂದು ಕೇಳಿಸಿದೆ.

"ಕೆಲವು ತಿರುಗ್ತಿದ್ವಂತೆ," ಅಂದ ರಫೀಕ್. "ಆದ್ರೆ ಗುಂಡೆಲ್ಲ ಹಡಗು ಒಡೆಯೋವು. ನೆಲಕ್ಕೆ ಹೊಡೆದ್ರೆ ಮಣ್ಣಾಗೆ ಹೂತ್ಕೊಂಡ್ ಹೋಗೋವಂತೆ. ಜನಕ್ಕೆ ಏನೂ ಆಗ್ತಿರ್ಲಿಲ್ಲ."

ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದರು ಅನ್ನುತ್ತೇವಲ್ಲ, ಇವರು ಬಾಗಿಲು ಮೊದಲೇ ಹಾಕಿದ್ದರು, ಆದರೆ ಬೇರೆ ಗೋಡೆಗೆ. ನನಗೆ ಅಜ್ಜಂಪುರದ ದನಗಳು ನೆನಪಾದವು. ಅಮೃತಮಹಲ್ ಎತ್ತುಗಳು ಒಂದು ಕಾಲದಲ್ಲಿ ರಾಜರ ಫಿರಂಗಿ ಎಳೆದವು ಎಂದು ನಮ್ಮ ಕಡೆ ಪ್ರತಿ ಮಗುವಿಗೂ ಹೇಳುತ್ತಾರೆ. ಎಳೆದದ್ದು ಎತ್ತು, ಹೆಸರು ರಾಜರಿಗೆ. ತಾತನಂಥವರ ಪಾಡೂ ಅದೇ ಎಂದು ಆ ಬಿಸಿಲಿನಲ್ಲಿ ನಿಂತು ಸಿಟ್ಟು ಬಂತು.

ಸುರಂಗದೊಳಗೆ ಬಾಂಬು ಬಿದ್ದ ಸದ್ದು ಕೇಳಿಸುತ್ತಾರೆ. ಒಂದು ಕೂಸು ಬೆಚ್ಚಿ ಅಳುತ್ತಿತ್ತು, ಅದರ ಅಪ್ಪ ನಗುತ್ತಾ ವೀಡಿಯೊ ತೆಗೆಯುತ್ತಿದ್ದ. ಅಲ್ಲಲ್ಲಿ ಬೊಂಬೆ ಸೈನಿಕರು: ಗುಂಡು ತುಂಬುವವರು, ಅಡುಗೆ ಮಾಡುವವರು, ಬಟ್ಟೆ ಒಗೆಯುವವರು. ಶರಣಾದ ಕೋಣೆಯಲ್ಲಿ ಬೊಂಬೆ ಅಧಿಕಾರಿಗಳು ಮೇಜಿನ ಸುತ್ತ ಕೂತಿದ್ದರು. ಜನ ಅವರ ಹೆಗಲ ಹಿಂದೆ ನಿಂತು ಎರಡು ಬೆರಳೆತ್ತಿ ಫೋಟೊ ತೆಗೆಸಿಕೊಳ್ಳುತ್ತಿದ್ದರು. ಇನ್ನೊಂದು ಮೂಲೆಯಲ್ಲಿ ಪೇಟದ ಬೊಂಬೆ ಒಂದಿತ್ತು. ಭಾರತದ ಸಿಪಾಯಿ ಎಂದರು ಸರೋಜಮ್ಮ. ತಾತನ ಒಂದು ಫೋಟೊ ಕೂಡ ನಮ್ಮ ಮನೆಯಲ್ಲಿಲ್ಲ. ಅವನು ಹೇಗಿದ್ದ ಎಂದು ಅವ್ವ ಚಿಕ್ಕವಳಿದ್ದಾಗ ಕೇಳಿದರೆ, "ನಿನ್ನ ಕಿವಿ ಅವಂದೇ" ಎಂದಷ್ಟೇ ಅಜ್ಜಿ ಹೇಳುತ್ತಿದ್ದಳಂತೆ. ಅವ್ವನ ಅಗಲ ಕಿವಿಯೇ ನನಗೂ ಬಂದಿದೆ. ನಾನು ಬಗ್ಗಿ ಆ ಬೊಂಬೆಯ ಕಿವಿ ನೋಡಿದೆ. ಸಣ್ಣ ಕಿವಿ. ಅರವತ್ತರ ಹತ್ತಿರದ ಗಂಡಸು ಬೊಂಬೆಯ ಕಿವಿ ನೋಡಿ ಬೇಜಾರು ಮಾಡಿಕೊಳ್ಳುವುದು ನಗುವ ವಿಷಯವೇ. ಆದರೆ ನನಗೆ ನಗು ಬರಲಿಲ್ಲ.

ಹೊರಗೆ ಬಂದರೆ ಇಳಿಜಾರಿನಲ್ಲಿ ಒಂದು ಕಾವಲು ಗೂಡಿತ್ತು. ಇಲ್ಲಿ ಭಾರತದವರೂ ಕಾವಲಿದ್ದರು ಎಂದು ಹೇಳಿ ಸರೋಜಮ್ಮ ನೀರು ಕುಡಿಯಲು ಆಚೆ ಹೋದರು. ನನಗೆ ಅಷ್ಟು ಸಾಕಾಯಿತು. ತಾತ ಇಲ್ಲಿದ್ದನೋ ಇಲ್ಲವೋ, ಅವನಂಥವರು ಇದ್ದರಲ್ಲ. ಮೆಟ್ಟು ಬಿಟ್ಟು, ಕುಕ್ಕರಗಾಲಲ್ಲಿ ಕೂತು, ಅವ್ವನ ಚೀಲ ತೆಗೆದೆ.

"ಬೇಗ ಕಣ್ರೀ, ಅಮ್ಮ ಬತ್ತಾವ್ರೆ," ಅಂದ ರಫೀಕ್.

ಅವರು ಬಂದೇಬಿಟ್ಟರು. ಸಂತೆಯಲ್ಲಿ ಬದನೆಕಾಯಿ ಕದ್ದು ಸಿಕ್ಕಿಬಿದ್ದವನ ಹಾಗೆ ಮುಷ್ಟಿಯಲ್ಲಿ ಮಣ್ಣು ಹಿಡಿದು ಕೂತಿದ್ದೆ. ಅವರು ಗದರಿಸಲಿಲ್ಲ. ಕೊಡೆಯ ನೆರಳನ್ನು ನನ್ನ ತಲೆಯ ಮೇಲೆ ತಂದು, ರಫೀಕನಿಗೆ ನಿಧಾನವಾಗಿ ಏನೋ ಹೇಳಿದರು.

"ಇಲ್ಲಿಂದ ಏನೂ ತಗಂಡೋಗಂಗಿಲ್ವಂತೆ, ಕಲ್ಲೂ ಇಲ್ಲ ಮಣ್ಣೂ ಇಲ್ಲ. ಅದು ಹಾಳಾಗ್ಲಿ, ಇದು ಇಲ್ಲಿನ ಮಣ್ಣೇ ಅಲ್ವಂತೆ ಓಂಕಾರಣ್ಣ. ಗುಡ್ಡ ಕುಸಿದಿತ್ತಂತೆ. ಹೊರಗಿಂದ ಲಾರೀಲಿ ತಂದು ತುಂಬಿಸವ್ರಂತೆ. ಈ ದೇಶದಾಗೆ ಮರಳೂ ಹಡಗಲ್ಲೇ ಬತ್ತದಂತೆ."

ಮಣ್ಣನ್ನು ಅಲ್ಲೇ ಸುರಿದೆ. ಕೈಗೆ ಅಂಟಿದ್ದು ಬೆವರಿಗೆ ಕೆಸರಾಗಿ ಹೋಗಲೊಲ್ಲದು. ಆಗ ಸರೋಜಮ್ಮ ಕಲ್ಲುಬೆಂಚಿನ ಮೇಲೆ ನನ್ನನ್ನು ಕೂರಿಸಿ, ಯಾರಿಗಾಗಿ ಎಂದು ಕೇಳಿದರು. ಎಲ್ಲ ಹೇಳಿದೆ: ಅಜ್ಜಿ ಕೇಳುತ್ತಿದ್ದ ಪ್ರಶ್ನೆ, ಕೂರಿಸಿ ಮಣ್ಣು ಮಾಡುವ ಪದ್ಧತಿ, ಹೊಲದ ಮೂಲೆಯ ಜಾಗ. ಅವರು ತಾತನ ಹೆಸರು, ತಾತನ ಅಪ್ಪನ ಹೆಸರು, ಊರು ಕೇಳಿ ಫೋನಿನಲ್ಲಿ ಸತ್ತ ಸೈನಿಕರ ಪಟ್ಟಿ ತೆರೆದು ಬೆರಳಾಡಿಸತೊಡಗಿದರು. ಬಹಳ ಹೊತ್ತು ಹುಡುಕಿದರು.

"ಕಡೂರ್?" ಅಂದರು ಕೊನೆಗೆ.

ಆ ಪರದೇಶದ ಹೆಂಗಸಿನ ಬಾಯಲ್ಲಿ ನನ್ನೂರಿನ ಹೆಸರು ಕೇಳಿ ಮೈ ಜುಮ್ಮೆಂದಿತು. ತೋರಿಸಿದರು. ಸಿದ್ಧಪ್ಪ, ಬಸಪ್ಪನ ಮಗ, ಕಡೂರು, ಮೈಸೂರು. ಅಷ್ಟು ಇಂಗ್ಲಿಷ್ ನನಗೂ ಓದಲು ಬಂತು. ಕಣ್ಣಲ್ಲಿ ನೀರು ತುಂಬಿ ಮುಂದಿನ ಸಾಲು ಕಾಣಲಿಲ್ಲ. ಸರೋಜಮ್ಮ ಆ ಸಾಲು ಓದಿ, ರಫೀಕನಿಗೆ ತಗ್ಗಿದ ದನಿಯಲ್ಲಿ ಏನೋ ಹೇಳಿದರು. ಅವನು ಕನ್ನಡಕ್ಕೆ ತರಲಿಲ್ಲ.

"ಏನಂತೆ?"

"ಉತ್ತರದ ಕಡೆ ಗುಡ್ಡದ ಮೇಲೆ ಸೈನಿಕರ ಸ್ಮಶಾನ ಐತಂತೆ. ಅಲ್ಲೈತಂತೆ ಹೆಸ್ರು. ಅಮ್ಮನೂ ಬತ್ತಾರಂತೆ. ನಾಳೆ ಹೋಗಣ," ಎಂದು ಮುಖ ತಿರುಗಿಸಿಕೊಂಡು ಇಳಿಯತೊಡಗಿದ. ಸ್ಮಶಾನದಲ್ಲಿ ಹೆಸರಿದೆ ಅಂದರೆ ಗುಣಿಯೂ ಇರಬೇಕಲ್ಲ. ನಾನು ಆ ದಿನವೆಲ್ಲ ಸಂತೋಷವಾಗಿದ್ದೆ.

ಉತ್ತರದ ಗುಡ್ಡ

ಹಸಿರು ಹುಲ್ಲು, ಅದರ ಮೇಲೆ ಸಾಲುಸಾಲು ಬಿಳಿ ಕಲ್ಲುಗಳು. ಅಳತೆ ಹಿಡಿದು ನೆಟ್ಟ ತೆಂಗಿನ ತೋಟದಂತೆ ಯಾವ ಕಡೆಯಿಂದ ನೋಡಿದರೂ ಸಾಲು ನೇರ. ಹೆಚ್ಚಿನ ಕಲ್ಲಿಗೆ ಶಿಲುಬೆ, ಕೆಲವಕ್ಕೆ ಅರ್ಧಚಂದ್ರ. ಮಾಲಿಯೊಬ್ಬ ಒಂದೊಂದು ಕಲ್ಲಿನ ಬುಡದ ಹುಲ್ಲನ್ನೂ ಕತ್ತರಿಯಲ್ಲಿ ಕತ್ತರಿಸುತ್ತಿದ್ದ. ನಾನು ಅವ್ವನ ಚೀಲವನ್ನೂ ವಿಭೂತಿಯನ್ನೂ ಕೈಯಲ್ಲಿ ಹಿಡಿದೇ ನಡೆಯುತ್ತಿದ್ದೆ.

"ತಾತಂದು ಯಾವ ಸಾಲು?" ಅಂದೆ.

ರಫೀಕ್ ನಿಂತ. "ಓಂಕಾರಣ್ಣ, ನಿನ್ನೆನೇ ಹೇಳ್ಬೇಕಿತ್ತು, ಬಾಯಿ ಬರ್ಲಿಲ್ಲ. ಗುಣಿ ಇಲ್ಲ ಕಣ್ರೀ. ಅವರನ್ನ ಸುಟ್ಟವ್ರೆ."

ಸರೋಜಮ್ಮ ನಮ್ಮನ್ನು ಒಂದು ಗೋಡೆಯ ಹತ್ತಿರ ಕರೆದೊಯ್ದರು. ಸುಡಲ್ಪಟ್ಟ ಸೈನಿಕರ ಹೆಸರುಗಳನ್ನು ಅಲ್ಲಿ ಕೆತ್ತಿದ್ದಾರೆ. ಅವರವರ ಧರ್ಮದ ಪ್ರಕಾರ ದಹನ ಮಾಡಲಾಯಿತು ಎಂಬ ಅರ್ಥದ ಮಾತೂ ಅಲ್ಲಿದೆ. ತಾತನ ಹೆಸರು ನನ್ನ ಎದೆಯ ಮಟ್ಟಕ್ಕಿತ್ತು.

ಆಮೇಲೆ ಸರೋಜಮ್ಮ ಪಟ್ಟಿಯಲ್ಲಿದ್ದಷ್ಟನ್ನೂ, ತಮಗೆ ಗೊತ್ತಿದ್ದಷ್ಟನ್ನೂ ಹೇಳಿದರು. ತಾತ ಯುದ್ಧದಲ್ಲಿ ಸತ್ತವನಲ್ಲ. ಸೋತ ಮೇಲೆ ಸೆರೆ ಸಿಕ್ಕು ಎರಡನೇ ವರ್ಷ ಸತ್ತ. ಸೆರೆಯಲ್ಲಿ ಹೆಚ್ಚಿನವರು ಸತ್ತದ್ದು ಭೇದಿಯಿಂದ, ಹಸಿವಿನಿಂದ. ಹೆಸರಿನ ಮುಂದೆ ಹಿಂದೂ ಎಂದು ಬರೆದಿದ್ದರೆ ಜೊತೆಯ ಸೈನಿಕರು ಕಟ್ಟಿಗೆ ಹೊಂದಿಸಿ ಸುಡುತ್ತಿದ್ದರು. ತಾತನ ಹೆಸರಿನ ಮುಂದೆ ಹಾಗೆಯೇ ಬರೆದಿತ್ತು.

"ಕೊರಳಲ್ಲಿ ಲಿಂಗ ಇತ್ತಲ್ಲ! ಯಾರೂ ನೋಡ್ಲಿಲ್ವಾ? ಇವ್ನೂ ಹೇಳ್ಲಿಲ್ವಾ?" ಎಂದು ಜೋರಾಗಿಯೇ ಕೇಳಿದೆ. ಮಾಲಿ ತಲೆಯೆತ್ತಿ ನೋಡಿದ.

ರಫೀಕ್ ಅದನ್ನು ತಮಿಳಿಗೆ ತಂದ. ಸರೋಜಮ್ಮ ತಲೆ ಅಲ್ಲಾಡಿಸಿದರು. ಎರಡು ವರ್ಷದ ಸೆರೆಯಲ್ಲಿ ಅಂಗಿ, ಮೆಟ್ಟು, ಉಂಗುರ ಯಾವುದೂ ಅವರ ಮೈಮೇಲೆ ಉಳಿದಿರಲಿಲ್ಲ, ಲಿಂಗದ ಗತಿ ಏನಾಯಿತೋ ಯಾರಿಗೆ ಗೊತ್ತು ಎಂದರು. ಸಾಯುವವನಿಗೆ ಮಾತಾಡುವ ಶಕ್ತಿಯಿತ್ತೋ ಇಲ್ಲವೋ ಅದೂ ಗೊತ್ತಿಲ್ಲ.

ಯಾರ ಮೇಲೆ ಸಿಟ್ಟು ಮಾಡಲಿ? ಸುಟ್ಟವರು ದ್ವೇಷಕ್ಕೆ ಸುಟ್ಟವರಲ್ಲ. ಹೊಟ್ಟೆಗಿಲ್ಲದ ಹೊತ್ತಿನಲ್ಲಿ ಕಟ್ಟಿಗೆ ಹೊತ್ತು, ಸತ್ತವನಿಗೆ ಅವನ ಧರ್ಮದಂತೆ ಮರ್ಯಾದೆ ಮಾಡಬೇಕು ಎಂದುಕೊಂಡು ಸುಟ್ಟವರು. ಬಿಸಾಕಿ ಹೋಗಿದ್ದರೆ ಬೈಯಬಹುದಿತ್ತು. ಗೋಡೆ ಕಟ್ಟಿದವರೂ ಮರ್ಯಾದೆಯವರೇ, ಒಂದು ಅಕ್ಷರ ಮಾಸದಂತೆ ನೋಡಿಕೊಂಡಿದ್ದಾರೆ. ಅಷ್ಟೆಲ್ಲ ಮರ್ಯಾದೆಯ ಕೊನೆಗೆ ನನ್ನ ತಾತನ ಒಂದು ಹಿಡಿ ಮಣ್ಣೂ ಈ ಭೂಮಿಯ ಮೇಲಿಲ್ಲ. ಆ ಬೂದಿಯೂ ಎಲ್ಲಿ ಹೋಯಿತೋ. ನಾನು ಕಡೂರಿನಿಂದ ಅವನಿಗೆ ಇನ್ನಷ್ಟು ಬೂದಿ ಹೊತ್ತು ತಂದಿದ್ದೆ. ಗಟ್ಟಿಯಿಂದ ಚೂರು ಮುರಿದು ಗೋಡೆಯ ಬುಡದ ಹುಲ್ಲಿನಲ್ಲಿ ಉದುರಿಸಿದೆ. ಸರೋಜಮ್ಮ ಬೇರೆ ಕಡೆ ನೋಡುತ್ತಾ ನಿಂತರು. ಗೋಡೆಗೆ ಹಣೆ ಇಟ್ಟು ಅತ್ತೆ. ಎಂದೂ ಕಾಣದ ಮನುಷ್ಯನಿಗೆ ಅಷ್ಟು ಅಳು ಎಲ್ಲಿತ್ತೋ ತಿಳಿಯದು.

ತಿರುಗಿ ನೋಡಿದರೆ ರಫೀಕ್ ದೂರದಲ್ಲಿ, ಅರ್ಧಚಂದ್ರ ಕೆತ್ತಿದ ಒಂದು ಕಲ್ಲಿನ ಮುಂದೆ ಅಂಗೈ ತೆರೆದು ನಿಂತಿದ್ದ. ಓದುವುದು ಮುಗಿಸಿ ಮುಖ ಸವರಿಕೊಂಡು ಬಂದ.

"ನಿಮ್ಮೋರಾ?" ಅಂದೆ.

"ಯಾರೋ ಪಂಜಾಬ್ ಕಡೆಯೋನು. ನಮ್ಮೋರು ಯಾರವ್ರೆ ಇಲ್ಲಿ?" ಆ ಕಲ್ಲಿನ ಕಡೆ ತಿರುಗಿ ನೋಡಿ ಹೇಳಿದ: "ನಿಮ್ದೂ ಮಣ್ಣೇ, ನಮ್ದೂ ಮಣ್ಣೇ ಓಂಕಾರಣ್ಣ. ಊರಾಗೆ ಎಲ್ರಿಗೂ ಗೊತ್ತು. ಇಲ್ಲಿ ಬರ್ಕೊಂಡೋರಿಗೆ ಗೊತ್ತಿರ್ಲಿಲ್ಲ ನೋಡ್ರಿ."

ಕೊನೆಯ ದಿನ

ಕೊನೆಯ ದಿನ ಎಲ್ಲರೂ ಚಾಕಲೇಟು, ಸೆಂಟು ತುಂಬಿಕೊಂಡರು. ಹೋದ ಪುಟ್ಟ ಬಂದ ಪುಟ್ಟ ಅಂತಾರಲ್ಲ, ಹಾಗೆ ನನ್ನ ಕೈಚೀಲ ಮಾತ್ರ ಮಡಿಸಿದ್ದು ಮಡಿಸಿದಂತೆಯೇ ಇತ್ತು. ಅವ್ವನಿಗೆ ಏನು ಹೇಳಲಿ ಎಂದು ಬಸ್ಸಿನಲ್ಲಿ ರಫೀಕನನ್ನು ಕೇಳಿದೆ.

"ಲಿಂಗದಹಳ್ಳಿ ಕಡೆ ಕೆಮ್ಮಣ್ಣು ಒಂದು ಹಿಡಿ ತುಂಬ್ಕೊಡ್ತೀನಿ. ಕಪ್ಪು ನೆಲದೋರು ನೀವು, ಪರದೇಶದ್ದು ಅಂದ್ರೆ ನಂಬ್ತಾರೆ," ಎಂದು ಮೊದಲು ತಮಾಷೆ ಮಾಡಿದ. ನನ್ನ ಮುಖ ನೋಡಿ ಆಮೇಲೆ, "ನಿಜಾನೇ ಹೇಳ್ಬುಡಿ ಕಣ್ರೀ. ದೊಡ್ಡ ಜೀವ, ತಡ್ಕೊಂತದೆ," ಅಂದ.

ಸುಳ್ಳು ಮಣ್ಣು ಹಾಕುವ ನೀಚತನ ಬೇಡ, ನಿಜವನ್ನೇ ಹೇಳುತ್ತೇನೆ ಎಂದು ಅವನಿಗೆ ಮಾತು ಕೊಟ್ಟೆ. ವಿಮಾನದಲ್ಲಿ ಉದ್ದಕ್ಕೂ ಆ ಮಾತುಗಳನ್ನೇ ಜೋಡಿಸಿಕೊಂಡೆ.

ಸಿಂಗಟಗೆರೆ

ಅವ್ವ ಮನೆಯಲ್ಲಿರಲಿಲ್ಲ. ಹೊಲದ ಮೂಲೆಯಲ್ಲಿ, ಅಜ್ಜಿಯ ಸಮಾಧಿಯ ಹತ್ತಿರ ಚಾಪೆ ಹಾಕಿಸಿಕೊಂಡು ಕೂತಿದ್ದಳು. ಅಯ್ಯನವರನ್ನು ಕರೆಸಿದ್ದಳು. ಪಕ್ಕದ ಖಾಲಿ ಜಾಗದಲ್ಲಿ ಬಸವರಾಜನ ಕೈಲಿ ಮೊಣಕಾಲುದ್ದದ ಗುಂಡಿ ತೋಡಿಸಿ, ಅಂಚಿಗೆ ಬಿಲ್ವಪತ್ರೆ ಇಟ್ಟಿದ್ದಳು. ಒಂದು ಹಿಡಿ ಮಣ್ಣಿಗೆ ಅಷ್ಟು ದೊಡ್ಡ ಗುಂಡಿ ಯಾಕೆ ಎಂದು ಬಸವರಾಜ ಕೇಳಿದ್ದಕ್ಕೆ ಬೈಸಿಕೊಂಡಿದ್ದನಂತೆ.

"ಸಿಕ್ಕಿದ್ನೇನೋ?" ಅಂದಳು ನನ್ನನ್ನು ಕಂಡ ಕೂಡಲೇ. ಸಿಕ್ಕಿತಾ ಅನ್ನಲಿಲ್ಲ, ಸಿಕ್ಕಿದನಾ ಅಂದಳು.

"ಸಿಕ್ಕಿದ ಕಣವ್ವ. ಹೆಸ್ರು ಕೆತ್ತವ್ರೆ. ಕಡೂರು ಅಂತಾನೂ ಬರ್ಕೊಂಡವ್ರೆ."

ಅವಳು ಚಾಪೆಯ ಮೇಲೆ ಮುಂದಕ್ಕೆ ಜರುಗಿದಳು. "ಕೂರ್ಸಿ ಮಣ್ಣು ಮಾಡಿದ್ರಾ?"

ಜೋಡಿಸಿಕೊಂಡು ಬಂದ ಮಾತೆಲ್ಲ ನಾಲಿಗೆಯ ಮೇಲಿತ್ತು. ಅವ್ವನ ಅಗಲ ಕಿವಿ ನನ್ನ ಕಡೆ ತಿರುಗಿತ್ತು.

"ಹ್ಞೂಂ," ಅಂದೆ.

"ಲಿಂಗ?"

"ಕೈಲಿತ್ತಂತೆ."

"ಯಾರ್ ಹೇಳಿದ್ರು?"

"ಪುಸ್ತಕದಾಗೆ ಬರ್ದವ್ರೆ ಅವ್ವ. ನಮ್ಮ ಕಡೆಯೋರು ಯಾರೋ ಜೊತೇಲಿದ್ರಂತೆ. ಅವರೇ ಮುಂದೆ ನಿಂತು ಮಾಡ್ಸಿದ್ರಂತೆ."

ಒಂದು ಸುಳ್ಳು ಹೇಳಿದವನಿಗೆ ಅದರ ಹಿಂದೆ ನಾಲ್ಕು ತಾನಾಗಿ ಬಂದವು. ಮಣ್ಣು ತರಲು ಅಲ್ಲಿನ ಕಾನೂನು ಬಿಡಲಿಲ್ಲ ಅಂದೆ. ಅದಕ್ಕೆ ಅವಳು ಬೇಜಾರು ಮಾಡಿಕೊಳ್ಳುತ್ತಾಳೆ ಎಂದುಕೊಂಡಿದ್ದೆ. ಅವ್ವ ಅಜ್ಜಿಯ ಸಮಾಧಿಯ ಕಲ್ಲಿನ ಮೇಲೆ ಕೈಯಿಟ್ಟು, "ಕೇಳಿದ್ಯಾ ಅವ್ವ, ಬಿಸಾಕಿಲ್ವಂತೆ ಕಣೇ. ಕೂರ್ಸವ್ರಂತೆ," ಅಂದಳು. ನಕ್ಕಳು, ಅತ್ತಳು, ಸೆರಗಿನಿಂದ ಮೂಗು ಒರೆಸಿಕೊಂಡಳು. ಅಯ್ಯನವರು ಶಿವಶಿವಾ ಅಂದರು. ಅವಳ ಮುಖ ಅಷ್ಟು ಹಗುರಾದದ್ದನ್ನು ನಾನು ಹುಟ್ಟಿದಾಗಿನಿಂದ ನೋಡಿರಲಿಲ್ಲ. ಮಾಡಿದ್ದು ಸರಿ ಎಂದು ಒಂದು ಗಳಿಗೆ ನನಗೂ ಅನ್ನಿಸಿತು.

ಬಸವರಾಜ ಗುಂಡಿ ಮುಚ್ಚಲು ಗುದ್ದಲಿ ಎತ್ತಿಕೊಂಡ. ಅವ್ವ ಅವನನ್ನು ತಡೆದಳು.

"ತಡಿಯೋ. ಅಪ್ಪಂಗೆ ಅಲ್ಲೇ ನೆಲೆ ಆಗೈತೆ, ಇನ್ನು ಅವನ್ಯಾಕೆ ಇಲ್ಲಿಗೆ ಬತ್ತಾನೆ? ನಿಮ್ಮಪ್ಪ ಸತ್ತಾಗ ಅವ್ರಣ್ಣ ತಮ್ಮಂದ್ರು ಮಣ್ಣು ಮಾಡಕೆ ಅವ್ರೂರಿಗೆ ತಗಂಡೋದ್ರು. ಅಲ್ಲಿ ನಂಗೆ ಜಾಗ ಎಲ್ಲೈತೆ? ಇದು ನಂಗಿರ್ಲಿ. ನಮ್ಮವ್ವನ ಪಕ್ಕ ನನ್ನ ಕೂರ್ಸಿ."

ಅಜ್ಜಿ ಸಾಯುವ ತನಕ ಹಿಡಿದ ಜಾಗ, ಅವಳು ಹೋದ ಮೇಲೆ ಅವ್ವ ಹಿಡಿದ ಜಾಗ. ಎಲ್ಲಿಯೂ ಇಲ್ಲದ ತಾತನಿಗೆ ಈ ಭೂಮಿಯ ಮೇಲೆ ಅದೊಂದೇ ಇದ್ದದ್ದು. ಅದನ್ನೂ ನಾನೇ ಬಿಡಿಸಿದ್ದೆ. ಈಗ ನಿಜ ಹೇಳಿದರೆ ಆ ಜಾಗ ಅವನಿಗೆ ಉಳಿಯುತ್ತದೆ, ಅವ್ವನ ಮುಖ ಉಳಿಯುವುದಿಲ್ಲ. ಬಾಯಿ ತೆರೆದೆ. ಅವ್ವ ಅಷ್ಟರಲ್ಲಿ ಗುಂಡಿಯ ಪಕ್ಕದ ಮಣ್ಣಿನ ಮೇಲೆ ಚಕ್ಕಳಮಕ್ಕಳ ಹಾಕಿ, ಬೆನ್ನು ನೆಟ್ಟಗೆ ಮಾಡಿ, ಎಡ ಅಂಗೈ ತೆರೆದು ಮಡಿಲಲ್ಲಿಟ್ಟುಕೊಂಡು ಕೂತಳು.

"ಓಂಕಾರ, ನೋಡೋ. ನನ್ನ ಅಳತೆಗೆ ಸಾಕಾಗ್ತದಾ ಜಾಗ?"

"ಸಾಕಾಗ್ತದೆ ಅವ್ವ," ಅಂದೆ. ಅವತ್ತು ಅವಳು ನೆಲೆಯ ಬಗ್ಗೆ ಕೇಳಿದ ಪ್ರಶ್ನೆಗಳಲ್ಲಿ ನಾನು ನಿಜ ಹೇಳಿದ್ದು ಅದೊಂದಕ್ಕೇ.